ಮಣ್ಣಿಗೆ ಹೊರಟ ಕ್ರೂಸರ್

ಸೋದರತ್ತೆ ತೀರಿಕೊಂಡ ಸುದ್ದಿ ಬಂದಾಗ ಅಪ್ಪ ದಾಡಿ ಮಾಡಿಕೊಳ್ಳುತ್ತಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದಕ್ಕೆ ಸಾಬೂನು ಹಚ್ಚಿತ್ತು. ಫೋನ್ ಎತ್ತಿದವಳು ನಾನು. ಔರಾದಿನಿಂದ ಆಚೆಗಿರುವ ಹಳ್ಳಿಯಿಂದ ಅತ್ತೆಯ ಮಗ ಮಾತಾಡುತ್ತಿದ್ದ.

“ಅವ್ವ ಹೋದಳು. ಮುಂಜಾನಿ ಚಹಾ ಕುಡದಾಳ, ಗ್ವಾಡಿಗಿ ಆನಕೊಂಡು ಕುಂತಾಳ, ಹಂಗೇ ಹೋದಳು. ಮಾಮಾಗ ಹೇಳ್ರಿ. ತವರವರು ಬರೂ ತನಕ ಎಬ್ಬಸಂಗಿಲ್ಲ ಅಂತ ಹೇಳ್ರಿ.”

ನಾನು ಬಾಯಿ ತೆರೆಯುವ ಮೊದಲೇ ಅಪ್ಪನಿಗೆ ತಿಳಿದಿತ್ತು. ಟವೆಲ್ಲಿನಿಂದ ಸಾಬೂನು ಒರೆಸಿಕೊಂಡರು. ಆ ಕೆನ್ನೆ ಆ ದಿನವೆಲ್ಲ ಹಾಗೇ ಉಳಿಯಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹೂ ಹಾಕಿ, ಗೋಡೆಗೆ ಆನಿಸಿ. ಗಂಡ ಇರುವಾಗಲೇ ಹೆಂಗಸು ತೀರಿಕೊಂಡರೆ ಅವಳ ಮೈಮೇಲೆ ಕೊನೆಗೆ ಬೀಳಬೇಕಾದದ್ದು ತವರಿನ ಸೀರೆ. ತವರಿನ ಹೆಂಗಸರು ಉಡಿ ತುಂಬಬೇಕು. ಆಮೇಲೆಯೇ ಕುಣಿಯ ಕಡೆಗೆ ಎತ್ತುವುದು. ಆ ಸೀರೆಗಾಗಿ ಊರೆಲ್ಲ ಕಾಯುತ್ತದೆ. ಅತ್ತೆಯ ತವರೆಂದರೆ ಈಗ ಇಬ್ಬರು ತಮ್ಮಂದಿರು: ಬೀದರಿನಲ್ಲಿ ನಮ್ಮಪ್ಪ, ಭಾಲ್ಕಿಯಲ್ಲಿ ಕಾಕಾ. ಅಜ್ಜಿ ಬೇಗ ಹೋಗಿದ್ದಳಾದ್ದರಿಂದ ಅಪ್ಪನನ್ನು ಎತ್ತಿ, ಬೈದು, ಬಡಿದು ದೊಡ್ಡವರನ್ನಾಗಿ ಮಾಡಿದವಳು ಅತ್ತೆಯೇ. ಆಕೆ ಗಂಡನ ಮನೆಗೆ ಹೋದ ಮೇಲೆ ಪಂಚಮಿ ಬಂತೆಂದರೆ ಅಪ್ಪ ಸೈಕಲ್ ತುಳಿದುಕೊಂಡು ಹೋಗಿ, ಹಿಂದಿನ ಕ್ಯಾರಿಯರ್ ಮೇಲೆ ಅಕ್ಕನನ್ನು ಕೂಡಿಸಿಕೊಂಡು, ನಸುಕಿನಲ್ಲಿ ಬಿಟ್ಟು, ದೀಪ ಹಚ್ಚುವ ಹೊತ್ತಿಗೆ ನಮ್ಮೂರು ಮನ್ನಳ್ಳಿಗೆ ತಂದು ಇಳಿಸುತ್ತಿದ್ದರಂತೆ. ದಾರಿಯುದ್ದಕ್ಕೂ ಆಕೆ ಹಿಂದಿನಿಂದ ಬೆನ್ನಿಗೆ ಗುದ್ದಿ “ಜೋರ್ ತುಳಿಯಲೇ, ಅನ್ನ ತಿಂದಿಲ್ಲೇನ್” ಅನ್ನುತ್ತಿದ್ದಳಂತೆ. ಅಪ್ಪನಿಗೆ ಮೋಟಾರ್ ಗಾಡಿ ಹೊಡೆಯಲು ಇವತ್ತಿಗೂ ಬರುವುದಿಲ್ಲ.

ಆ ವಾರ ಬೀದರಿನಲ್ಲಿ ಎಣ್ಣೆಯದೇ ಮಾತು. ಸಮುದ್ರದಾಚೆ ಎಲ್ಲೋ ಯಾರೋ ಬಾಂಬು ಹಾಕಿದರು, ಎಲ್ಲೋ ಹಡಗುಗಳು ನಿಂತವು, ಇಲ್ಲಿ ಪಂಪಿನ ಬೋರ್ಡಿನ ಮೇಲಿನ ಅಂಕಿ ಮುಂಜಾನೆ ಮುಂಜಾನೆ ಬದಲಾಗತೊಡಗಿತು. ನಾಳೆ ಮತ್ತೆ ಏರುತ್ತದೆ ಎಂಬ ಸುದ್ದಿ ಎಲ್ಲರ ಮೊಬೈಲಿನಲ್ಲೂ ಇತ್ತು. ಹೀಗಾಗಿ ಇವತ್ತು ಬೇಡದವರೂ ಇವತ್ತೇ ತುಂಬಿಸಿದರು. ಎರಡು ದಿನದಲ್ಲಿ ಊರಿನ ಪಂಪುಗಳ ಮುಂದೆ ಹಗ್ಗ ಕಟ್ಟಿ ‘ಸ್ಟಾಕ್ ಇಲ್ಲ’ ಎಂದು ರಟ್ಟು ತೂಗುಹಾಕಿದರು. ಖರೇ ಇರಲಿಲ್ಲವೋ, ನಾಳೆಯ ದರಕ್ಕಾಗಿ ಇಟ್ಟುಕೊಂಡಿದ್ದರೋ, ನನಗೆ ಗೊತ್ತಿಲ್ಲ. ಅನುಮಾನ ಪಡುವುದು ನನ್ನ ಅಭ್ಯಾಸ. ಅನುಮಾನ ಪಟ್ಟರೆ ಟ್ಯಾಂಕು ತುಂಬುವುದಿಲ್ಲ.

ನಾನು ಕಾಲೇಜಿನ ಚರ್ಚಾಸ್ಪರ್ಧೆಯ ತಂಡದವಳು. ಚೀಟಿ ಎತ್ತಿದ ಮೇಲೆ ಯಾವ ಕಡೆ ಬಂದರೂ ಮಾತಾಡಬೇಕು, ಗೆಲ್ಲಬೇಕು. ಹಿಂದಿನ ವರ್ಷ ನನಗೆ ಬಂದ ವಿಷಯ, ತೈಲ ಬೆಲೆ ಏರಿಕೆ ಸಮಾಜಕ್ಕೆ ಒಳ್ಳೆಯದು ಎಂಬುದು. ನಾನು ಪರವಾಗಿ ಮಾತಾಡಿದೆ. ಅಗ್ಗವಾಗಿರುವ ತನಕ ಯಾರೂ ಚಟ ಬಿಡುವುದಿಲ್ಲ, ಜೇಬು ಸುಟ್ಟಾಗ ಮನುಷ್ಯ ಬೇರೆ ದಾರಿ ಹುಡುಕುತ್ತಾನೆ, ನಮ್ಮ ಅಜ್ಜಂದಿರು ಈ ಎಣ್ಣೆಯಿಲ್ಲದೆ ಹುಟ್ಟಿ ಬಾಳಿ ಸತ್ತಿಲ್ಲವೇ ಎಂದೆ. ‘ಸತ್ತಿಲ್ಲವೇ’ ಎನ್ನುವಾಗ ಕೈ ಎತ್ತಿ ಕ್ಷಣ ನಿಲ್ಲಿಸಿದ್ದೆ. ಚಪ್ಪಾಳೆ ಬಿದ್ದಿತ್ತು. ಬಹುಮಾನದ ಕಪ್ ಬಂಗಾರದ ಬಣ್ಣದ್ದು, ಒಳಗೆ ಪ್ಲಾಸ್ಟಿಕ್ಕು. ಆ ವಾದದಲ್ಲಿ ನನಗೆ ಈಗಲೂ ದೋಷ ಕಾಣುವುದಿಲ್ಲ. ತೊಂದರೆ ಇರುವುದು ಅಲ್ಲೇ.

ಕ್ರೂಸರ್ ಬಂದದ್ದು ಬಿಸಿಲು ಏರುವ ಹೊತ್ತಿಗೆ. ಮಣ್ಣಿಗೆ ಹೋಗುವುದೆಂದರೆ ನಮ್ಮ ಕಡೆ ಒಂದು ಕ್ರೂಸರ್ ಜೀಪು ಮಾಡಿಕೊಂಡು ಹೋಗುವುದೇ; ಹತ್ತು ಹನ್ನೆರಡು ಮಂದಿ ಮೊಣಕಾಲಿಗೆ ಮೊಣಕಾಲು ಹತ್ತಿಸಿ ಕೂತು, ದಾರಿಯಲ್ಲಿ ಸ್ವಲ್ಪ ಅತ್ತು, ಸ್ವಲ್ಪ ಹರಟಿ, ಊರ ಅಗಸಿ ಬಾಗಿಲಿನ ಹತ್ತಿರ ಬಂದಾಗ ಎಲ್ಲರೂ ಒಮ್ಮೆಲೇ ದನಿ ಎತ್ತುವುದು. ಡ್ರೈವರು ಅಪ್ಪನಿಗೆ ಪರಿಚಯದವನೇ. ಕೈಮುಗಿದು, ಬೀಡಿ ಎಸೆದು, ನೇರ ಮಾತಿಗೆ ಬಂದ.

“ಅಣ್ಣಾರ, ಗಾಡ್ಯಾಗ ಭಾಲ್ಕಿ ಮುಟ್ಟೂವಷ್ಟು ಅದ. ಅಲ್ಲಿ ಪಂಪಿನಾಗ ನಂದೊಬ್ಬ ಖಾಸ್ ಮನಷಾ ಇದಾನ. ಹಾಕಸಕೊಂಡು ಮುಂದ ಹೋಗಮ್.”

“ಸಿಗ್ತದಂತ ಗ್ಯಾರಂಟಿ ಏನದ?” ಅಂದೆ ನಾನು.

“ಗ್ಯಾರಂಟಿ ಯಾವುದಕ್ಕದ ತಂಗೀ? ಅತ್ತಿ ನಿನ್ನಿ ಇದ್ದಳಿಲ್ಲ?”

ಅವ್ವ ನನ್ನ ಕೈ ಜಗ್ಗಿ ಒಳಗೆ ಕೂಡಿಸಿದಳು. ಹೇಗೂ ಭಾಲ್ಕಿಗೆ ಹೋಗಲೇಬೇಕಿತ್ತು. ಕಾಕಾ, ಕಾಕಿ ಅಲ್ಲಿಂದ ಹತ್ತಬೇಕು, ಸೀರೆ ತರುವುದೂ ಕಾಕಾನ ಪಾಲಿಗೇ ಬಂದಿತ್ತು.

ಭಾಲ್ಕಿಯ ಹೊರಗಿನ ಪಂಪಿನ ಪಾಳಿ ದೂರದಿಂದಲೇ ಕಂಡಿತು. ಟ್ರ್ಯಾಕ್ಟರುಗಳು, ಹಾಲಿನ ಟೆಂಪೋ, ಲಾರಿ, ಅದರ ಹಿಂದೆ ಮತ್ತೆ ಟ್ರ್ಯಾಕ್ಟರು. ಮಳೆ ಬೀಳುವ ಮುಂಚೆ ಹೊಲ ಹರಗಬೇಕಾದ ದಿನಗಳು ಅವು. ಡಬ್ಬಿಗೆ ಕೊಡುವುದಿಲ್ಲ ಎಂದು ಬರೆದು ಹಚ್ಚಿದ್ದರೂ ಬದುವಿನ ಮೇಲೆ ಡಬ್ಬಿ ಇಟ್ಟುಕೊಂಡು ಎಷ್ಟೋ ಜನ ಟವೆಲ್ ಹೊದ್ದು ಕೂತಿದ್ದರು. ಕಾಕಾ ತನ್ನ ಮೋಟಾರ್ ಸೈಕಲ್ ಮೇಲೆ ಕಾಕಿಯನ್ನು ಕೂಡಿಸಿಕೊಂಡು ಅಲ್ಲಿಗೇ ಬಂದಿದ್ದ. ಕಾಕಿಯ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸೀರೆ: ಹಸಿರು, ಕೆಂಪು ಅಂಚು. ಮುಟ್ಟಿ ನೋಡಿದೆ. ಪಾಲಿಸ್ಟರ್.

ನಮ್ಮ ಡ್ರೈವರು ತನ್ನ ಖಾಸ್ ಮನುಷ್ಯನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಆಮೇಲೆ ಪಾಳಿ ಬಿಟ್ಟು, ಹಾರ್ನ್ ಒತ್ತುತ್ತ, ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

“ಮಣ್ಣಿಗಿ ಹೊಂಟೀವ್ರೀ! ಜರಾ ದಾರಿ ಕೊಡ್ರೀ!”

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿ ತಡೆ ಇಲ್ಲ. ರೈಲ್ವೆ ಗೇಟಿನವನೊಬ್ಬನನ್ನು ಬಿಟ್ಟು ಎಲ್ಲರೂ ದಾರಿ ಕೊಡುತ್ತಾರೆ. ಅವತ್ತೂ ಕೊಟ್ಟರು. ಟ್ರ್ಯಾಕ್ಟರಿನವನು ಹಿಂದೆ ಸರಿದ, ಹಾಲಿನ ಟೆಂಪೋದವನು ಬದಿಗೆ ತೆಗೆದ. ಆದರೆ ಮುಂದೆ ನಿಂತ ಇನ್ನೊಂದು ಜೀಪಿನವನು ಮಾತ್ರ ಕದಲಲಿಲ್ಲ.

“ನಾವೂ ಮಣ್ಣಿಗೇ ಹೊಂಟೀವಿ,” ಅಂದ.

ನಾನು ಇಳಿದೆ. ಅವ್ವ “ಸುಮ್ಮ ಕುಂದರಾ” ಅಂದದ್ದು ಕೇಳಿಸಿತು.

“ಯಾರ್ ತೀರ್ಯಾರ್ರಿ?”

“ನಮ್ಮ ಮಾಮಾ.”

“ಎಲ್ಲಿ?”

“ಕಮಲನಗರ ಕಡೀಗಿ.”

“ಕಡೀಗಿ ಅಂದ್ರ ಯಾವೂರು?”

“ನೀವೇನ್ ಪೊಲೀಸರೇನ್ರಿ ಬಾಯೀ?”

“ಅಲ್ಲ್ರಿ. ಮಣ್ಣಿಗಿ ಹೋಗೋರು ಮುಡಿ ತುಂಬ ಮಲ್ಲಿಗಿ ಯಾಕ ಮುಡದಾರ ಅಂತ ಕೇಳ್ಲಾತೀನಿ.”

ಜೀಪಿನ ಒಳಗಿದ್ದ ಹೆಂಗಸರು ಫಕ್ಕನೆ ಸೆರಗು ತಲೆಯ ಮೇಲೆ ಎಳೆದುಕೊಂಡರು. ಪಾಳಿಯಲ್ಲಿದ್ದವರು ನಕ್ಕರು. ಒಬ್ಬ “ವ್ಹಾರೆವ್ಹಾ ವಕೀಲೀ” ಅಂದ. ಆ ಮನುಷ್ಯ ಕೆಂಪಾದ, ಆದರೆ ಸೋಲಲಿಲ್ಲ.

“ಆತು, ಮದುವಿಗಿ ಹೊಂಟೀವಿ. ನನ್ನ ತಂಗೀದು. ಮದುಮಗಳು ಈ ಗಾಡ್ಯಾಗೇ ಕುಂತಾಳ, ನೋಡ್ರಿ ಬೇಕಾದ್ರ. ನಿಮ್ಮ ಹೆಣ ಇನ್ನೊಂದು ತಾಸು ಕುಂದರ್ತದ. ನನ್ನ ಬೀಗರು ಕುಂದರ್ತಾರೇನು?”

ನಾನು ನೋಡಿದೆ. ನಡುವಿನ ಸೀಟಿನಲ್ಲಿ ಬಾಸಿಂಗ ಮಡಿಲಲ್ಲಿಟ್ಟುಕೊಂಡು ನನ್ನದೇ ವಯಸ್ಸಿನ ಹುಡುಗಿ, ಮೈತುಂಬ ಅರಿಶಿನ, ಬೆವರಿಗೆ ಕಾಡಿಗೆ ಇಳಿದಿತ್ತು. ನನ್ನನ್ನೇ ನೋಡುತ್ತಿದ್ದಳು. ಪ್ರತಿವಾದಕ್ಕೆ ನನ್ನ ಹತ್ತಿರ ಮಾತುಗಳಿದ್ದವು. ಆಡಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: “ಅವರದು ಸುಳ್ಳು ಅಂದ್ರ ನಿಮ್ಮದು ಖರೇ ಅಂತ ಹ್ಯಾಂಗ ನಂಬೂದ್ರಿ?”

ಕಾಕಾ ಸೀರೆ ಎತ್ತಿ ತೋರಿಸಿದ.

“ಸೀರಿ ಮದುವಿಗೂ ಒಯ್ತಾರ!”

ಮತ್ತೆ ನಗೆ. ನನಗೆ ಒಂದು ಉಪಾಯ ಹೊಳೆಯಿತು. ಅಪ್ಪ ಇಳಿದು ನಿಂತರೆ ಸಾಕು, ಆ ಅರ್ಧ ದಾಡಿಯ ಮುಖ ನೋಡಿದರೆ ಯಾರೂ ಮತ್ತೊಂದು ಪ್ರಶ್ನೆ ಕೇಳಲಾರರು. ಕಿಟಕಿಗೆ ಹೋಗಿ ಮೆಲ್ಲಗೆ ಹೇಳಿದೆ. ಅಪ್ಪ ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ.

“ನಮ್ಮಕ್ಕನ ಹೆಣ ತೋರಿಸಿ ಡೀಸೆಲ್ ಬೇಡಬೇಕೇನ? ಗಾಡಿ ಹಿಂದ ತಗೀ. ಪಾಳಿಯಾಗ ನಿಂದ್ರೂಣು.”

ಡ್ರೈವರು ಗಾಡಿ ಹಿಂದೆ ತೆಗೆದ. ದಾರಿ ಕೊಟ್ಟವರೆಲ್ಲ ಮತ್ತೆ ಮುಂದೆ ಬಂದರು. ಪಾಳಿಯ ಕೊನೆಗೆ ಹೋಗಿ ನಿಂತೆವು. ಅಲ್ಲಿಂದ ಪಂಪು ಕಾಣುತ್ತಿರಲಿಲ್ಲ, ಅದರ ಮೇಲಿನ ತಗಡು ಮಾತ್ರ ಹೊಳೆಯುತ್ತಿತ್ತು.

ನಡುಮಧ್ಯಾಹ್ನ ಅತ್ತೆಯ ಮಗನ ಫೋನ್ ಬಂತು. “ಎಲ್ಲಿದ್ದೀರಿ?” ಅಂದ. ಹೇಳಿದೆ. “ಇಲ್ಲೂ ಹಂಗೇ ಅದ,” ಅಂದ. ಕುಣಿ ತೋಡುವ ಜೆಸಿಬಿಯವನು ಡೀಸೆಲ್ ಇಲ್ಲವೆಂದು ಬರಲಿಲ್ಲವಂತೆ. ಬೇಸಿಗೆಯ ಕರಿಮಣ್ಣು ಕಲ್ಲಾಗಿರುತ್ತದೆ; ಊರ ಹುಡುಗರು ಹಾರೆ ಹಿಡಿದು ಸರದಿಯ ಮೇಲೆ ತೋಡುತ್ತಿದ್ದಾರೆ. ಕರೆಂಟು ಬೆಳಿಗ್ಗೆಯಿಂದ ಇಲ್ಲ. ಅತ್ತೆಯ ಮುಂದೆ ಕೂಲರ್ ಇಟ್ಟು ಬಾಡಿಗೆಯ ಜನರೇಟರಿನ ಮೇಲೆ ಓಡಿಸುತ್ತಿದ್ದಾರೆ.

“ಜನರೇಟರ್ ಎಷ್ಟೊತ್ತು ಓಡ್ತದ?”

“ಅದರಾಗ ಇದ್ದಷ್ಟು.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಜೆಸಿಬಿ ಬಾರದ್ದು ನಮಗೆ ಒಳ್ಳೆಯದು, ಕುಣಿ ತಡವಾದಷ್ಟು ನಮಗೆ ಹೊತ್ತು. ಜನರೇಟರು ಕೆಟ್ಟದ್ದು, ಅದು ನಿಂತರೆ ಈ ಬಿಸಿಲಲ್ಲಿ ಯಾರೂ ತಡೆಯಲಾರರು. ಒಂದೇ ಎಣ್ಣೆ ಇಲ್ಲದ್ದು ನಮ್ಮ ಪರವಾಗಿಯೂ ವಿರೋಧವಾಗಿಯೂ ಕೆಲಸ ಮಾಡುತ್ತಿತ್ತು. ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನನಗೇ ನನ್ನ ಮೇಲೆ ಹೇಸಿಕೆ ಬಂತು, ಆದರೂ ಲೆಕ್ಕ ನಿಲ್ಲಲಿಲ್ಲ.

ಆಗ ನನ್ನ ಕಣ್ಣು ಕಾಕಾನ ಮೋಟಾರ್ ಸೈಕಲ್ ಮೇಲೆ ಬಿತ್ತು.

“ಕಾಕಾ, ಇದರಾಗ ಪೆಟ್ರೋಲ್ ಅದ?”

“ಅದ ಅಲ್ಲ! ರೇಟ್ ಏರ್ತದಂತ ಮೊನ್ನೇನೇ ಹಾಕಸೀನಿ. ಪಂಪಿನಂವ ಟ್ಯಾಂಕ್ ತುಂಬ ಕೊಡಲಿಲ್ಲ ಖರೇ, ಹೋಗಾಕ ಸಾಕು.” ಹೆಮ್ಮೆಯಿಂದ ಟ್ಯಾಂಕ್ ತಟ್ಟಿದ.

“ಹಂಗಾದ್ರ ನೀವು, ಅಪ್ಪ, ಸೀರಿ. ಈಗೇ ಹೋಗ್ರಿ. ನಾವು ಗಾಡಿ ಸಿಕ್ಕಾಗ ಬರ್ತೇವಿ.”

ಎಲ್ಲರೂ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದರು.

“ಗಂಡಸರು ಇಬ್ಬರು ಬೈಕ್ ಮ್ಯಾಲ ಹೋಗಿ ಇಳಿದ್ರ ತವರು ಬಂದಂಗಾತೇನು?” ಅಂದಳು ಕಾಕಿ. “ಉಡಿ ಯಾರ್ ತುಂಬತಾರ?”

“ಹಂಗಾದ್ರ ಅವ್ವನೂ ಹೋಗ್ಲಿ. ಮೂರು ಮಂದಿ. ದಿನಾ ಎಲ್ಲಾರೂ ಹೋಗ್ತಾರ.”

“ಅಂದ್ರ ನಾ ಆ ಮನಿ ಸೊಸಿ ಅಲ್ಲೇನು?” ಕಾಕಿಯ ದನಿ ಏರಿತು. “ನಾಳಿ ಊರ ಮಂದಿ ಕೇಳ್ತಾರ, ಸಣ್ಣಾಕಿ ಎಲ್ಲಿ ಅಂತ. ಪಾಳಿಯಾಗ ನಿಂತಾಳ ಅನ್ನೂದ?”

“ಆಕೀನ ಬಿಟ್ಟು ನಾ ಹ್ಯಾಂಗ ಹೋಗಲಿ,” ಅಂದಳು ಅವ್ವ.

ಬಸ್ಸಿನ ಮಾತೆತ್ತಿದೆ. ಔರಾದಿನ ಬಸ್ಸುಗಳನ್ನು ಕಡಿಮೆ ಮಾಡಿದ್ದರು, ಬಂದದ್ದೊಂದು ನಿಲ್ಲದೆ ಹೋಗಿತ್ತು, ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ರೈಲು ಮುಂಜಾನೆಯೇ ಹೋಗಿತ್ತು. ಅದೂ ಅತ್ತೆಯ ಊರಿಗೆ ಹೋಗುವುದಲ್ಲ. ಕೊನೆಗೆ ನಾನು ನನ್ನ ಹತ್ತಿರವಿದ್ದ ದೊಡ್ಡ ಕಲ್ಲು ಎತ್ತಿದೆ.

“ಮನಿ ಗ್ವಾಡಿ ಮ್ಯಾಲ ಶರಣರ ಫೋಟೋ ಹಾಕೀರಿ. ಇಂಥಾ ರಿವಾಜೆಲ್ಲ ಬಿಡ್ರಿ ಅಂತ ಹೇಳಿದ್ದು ಅವರೇ ಅಲ್ಲೇನು? ಸೀರಿ ಯಾರ್ ಹೊದಸಿದ್ರೇನು? ಅಪ್ಪ ಅಕ್ಕನ ಮಾರಿ ನೋಡೂದು ಮುಖ್ಯನೋ, ಎಷ್ಟು ಮಂದಿ ಇಳಿದ್ರು ಅನ್ನೂದು ಮುಖ್ಯನೋ? ಹೇಳ್ರಿ.”

ಈ ಪ್ರಶ್ನೆಗೆ ಉತ್ತರವಿಲ್ಲವೆಂದು ನನಗೆ ಗೊತ್ತಿತ್ತು. ವೇದಿಕೆಯ ಮೇಲಾಗಿದ್ದರೆ ಇಲ್ಲಿಗೆ ಗಂಟೆ ಬಾರಿಸುತ್ತಿದ್ದರು. ಅಪ್ಪ ರಸ್ತೆ ನೋಡುತ್ತ ಅಂದರು:

“ನೀ ಹೇಳೂದು ಖರೇ ಅದ ಅವ್ವೀ. ಆದ್ರ ಆಕಿ ಲಗ್ನಾಗಿ ಹೋದಾಗ ಅಪ್ಪ ಓಣ್ಯಾಗಿನ ಮಂದೀನೆಲ್ಲ ಕರಕೊಂಡು ಎರಡು ಬಂಡಿ ತುಂಬ ಕಳಿಸಿದ್ದ. ತವರಾಗ ಯಾರಿಲ್ಲ ಅಂತ ಅತ್ತೀಮನ್ಯಾಗ ಒಂದ್ ಮಾತ್ ಬರಬಾರದು ಅಂತ. ಇವತ್ತ ನಾ ಒಬ್ಬನೇ ಬೈಕಿನ ಹಿಂದ ಕುಂತು ಹೋಗಲ್ಯಾ?”

ಕಾದೆವು. ವಾದ ಗೆದ್ದಿದ್ದೆ, ಗಾಡಿ ಅಲ್ಲೇ ನಿಂತಿತ್ತು. ಡ್ರೈವರು ಹಿಂದಿನ ಟ್ರ್ಯಾಕ್ಟರಿನವನ ಜೊತೆ ಚಹಾ ಕುಡಿಯುತ್ತ, ನಿನ್ನೆಯ ಬಾಡಿಗೆಯೇ ಬೇರೆ, ಇವತ್ತಿನ ಬಾಡಿಗೆಯೇ ಬೇರೆ ಎಂದು ಅಪ್ಪನಿಗೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದ. ಟ್ರ್ಯಾಕ್ಟರಿನವನು, “ಎತ್ತು ಮಾರಿ ಇದನ್ನ ತಂದೀನಿ. ಎತ್ತಿಗಾದ್ರ ಕಣಿಕಿ ಹಾಕಿದ್ರ ಆಗ್ತಿತ್ತು. ಇದು ಕಣಿಕಿ ತಿನ್ನಂಗಿಲ್ಲ, ಸಾಯಂಗೂ ಇಲ್ಲ,” ಅಂದ. ಡ್ರೈವರು ಬಿದ್ದು ಬಿದ್ದು ನಕ್ಕ. ಮದುವೆಯ ಜೀಪು ನಡುವೆ ಒಮ್ಮೆ ನಮ್ಮ ಪಕ್ಕದಿಂದ ಹಾದುಹೋಯಿತು. ಅವರಿಗೆ ಸಿಕ್ಕಿತ್ತು. ಆ ಹುಡುಗಿ ಕಿಟಕಿಯಿಂದ ನಮ್ಮನ್ನು ನೋಡಿದಳು. ಬೀಗರು ಕಾದಿದ್ದರೋ ಇಲ್ಲವೋ, ನನಗೆ ತಿಳಿಯಲಿಲ್ಲ.

ನಮ್ಮ ಮುಂದೆ ಕೆಲವೇ ಗಾಡಿಗಳು ಉಳಿದಾಗ ಪಂಪಿನವನು ನಳಿಗೆಯನ್ನು ಕೊಕ್ಕೆಗೆ ತೂಗುಹಾಕಿ, ಕೈ ಅಲ್ಲಾಡಿಸಿದ. ಖಾಲಿ. ಟ್ಯಾಂಕರ್ ದಾರಿಯಲ್ಲಿದೆಯಂತೆ, ಯಾವ ದಾರಿಯಲ್ಲಿ ಎಂದು ಕೇಳಬಾರದಂತೆ. ಅದೇ ಗಳಿಗೆಗೆ ಫೋನ್ ಬಂತು. ಈ ಸಲ ಅಪ್ಪನೇ ಎತ್ತಿದರು. ಅತ್ತ ಕಡೆಯ ದನಿ ನನಗೂ ಕೇಳಿಸುತ್ತಿತ್ತು.

“ಮಾಮಾ, ಜನರೇಟರ್ ನಿಂತ್ ಹೋತು. ಕುಣಿನೂ ಆಗ್ಯದ. ಅವ್ವನ ಮಾರಿ... ಇನ್ನ ತಡಿಯಾಕ ಆಗಲ್ಲ ಮಾಮಾ. ಅಪ್ಪ ಹೇಳ್ಲಾತಾನ, ಇನ್ನೊಂದು ಸ್ವಲ್ಪ ನೋಡ್ತೇವಿ ಅಂತ. ನೀವ್ ಹೊಂಟೀರಿ?”

“ಹೊಂಟೀವಿ,” ಅಂದರು ಅಪ್ಪ. ಆಮೇಲೆ ಕ್ರೂಸರಿನಿಂದ ಇಳಿದು, ಬೈಕಿನ ಹತ್ತಿರ ಹೋಗಿ, ಅದರ ಹಿಂದಿನ ಸೀಟಿನ ಮೇಲೆ ಕೂತರು. ಬೈಕು ಸ್ಟ್ಯಾಂಡಿನ ಮೇಲೆ ನಿಂತಿತ್ತು, ಮುಂದೆ ಯಾರೂ ಇರಲಿಲ್ಲ.

ಆಗ ಎಲ್ಲ ಗಡಿಬಿಡಿ. ಕಾಕಾ ಕೀಲಿ ನನ್ನ ಕೈಗೆ ಕೊಟ್ಟ. “ನೀ ಹೊಡಿ. ನೀ ಹಗೂರ ಇದ್ದಿ, ಎವರೇಜ್ ಛಲೋ ಬರ್ತದ. ನಾ ಇಲ್ಲಿ ಟ್ಯಾಂಕರ್ ಬರೂ ತನಕ ನಿಂದ್ರತೇನಿ.” ಕಾಕಿ ಸೀರೆ ತಂದು ಅಪ್ಪನ ತೊಡೆಯ ಮೇಲಿಟ್ಟಳು. ಅವ್ವ ಅರಿಶಿನ, ಕುಂಕುಮ, ಬಳೆ, ಒಣಕೊಬ್ಬರಿ, ಎಲೆ ಅಡಿಕೆ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೊರಳಿಗೆ ಹಾಕಿದಳು. ಮದುವೆಯಾಗದವಳು ಉಡಿ ತುಂಬುವಂತಿಲ್ಲ ಎಂದು ಯಾರೂ ಈಗ ಹೇಳಲಿಲ್ಲ. ಬೆಳಿಗ್ಗೆಯಿಂದ ನನಗೆ ತಡೆ ಹಾಕಿದ ನಿಯಮಗಳೆಲ್ಲ ಒಂದು ನಿಮಿಷದಲ್ಲಿ ಬಿದ್ದುಹೋದವು. ಅವು ಬಿದ್ದದ್ದು ನನ್ನ ವಾದದಿಂದ ಅಲ್ಲ.

ಔರಾದಿನ ರಸ್ತೆ ಖಾಲಿ ಇತ್ತು. ಅಷ್ಟು ಖಾಲಿ ರಸ್ತೆ ನಾನು ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ನನ್ನ ಭಾಷಣದ ಸಮಾಜ ಇದೇ ನೋಡಿ ಎಂದು ತೋರಿಸಬಹುದಾಗಿತ್ತು: ಹೊಗೆಯಿಲ್ಲ, ಹಾರ್ನ್ ಇಲ್ಲ. ಹೊಲಗಳಲ್ಲಿ ಅರ್ಧ ಹರಗಿ ಬಿಟ್ಟ ಟ್ರ್ಯಾಕ್ಟರುಗಳು ಹಾಗೇ ನಿಂತಿದ್ದವು. ನಡೆದು ಹೋಗುವವರು ಯಾರೂ ಇರಲಿಲ್ಲ. ಜನ ನಡೆಯತೊಡಗಿರಲಿಲ್ಲ, ಅಲ್ಲಲ್ಲೇ ಕೂತುಬಿಟ್ಟಿದ್ದರು. ಒಂದೆಡೆ ಕುರಿಯವನೊಬ್ಬ ಹಿಂಡನ್ನು ರಸ್ತೆಯ ನಟ್ಟನಡುವೆ ಹೊಡೆದುಕೊಂಡು ಹೊರಟಿದ್ದ. ಅವನಿಗೊಬ್ಬನಿಗೆ ಏನೂ ಆಗಿರಲಿಲ್ಲ ಅಂದುಕೊಂಡೆ. ಹತ್ತಿರ ಹೋದಾಗ ಕೂಗಿ ಕೇಳಿದ: “ಬಾಯೀ, ಮುಂದ ಎಲ್ಲ್ಯಾರ ನೀರಿನ ಟ್ಯಾಂಕರ್ ಕಂಡಿರೇನು?”

ಮಾಂಜ್ರಾ ನದಿಯ ಸೇತುವೆಯ ಮೇಲೆ ಅಪ್ಪ ನನ್ನ ಭುಜ ಮುಟ್ಟಿದರು. ನಿಲ್ಲಿಸಬೇಕೇನೋ ಎಂದು ವೇಗ ಇಳಿಸಿದೆ.

“ಇಲ್ಲಿ ಮೊದಲ ಸೇತುವಿ ಇದ್ದಿದ್ದಿಲ್ಲ. ಸೈಕಲ್ ಹೆಗಲ ಮ್ಯಾಲ ಹೊತಗೊಂಡು ದಾಟತಿದ್ದೆ. ಆಕಿ ಮುಂದ ಮುಂದ ನಡದು, ನೀರ್ ಎಷ್ಟದ ಅಂತ ನೋಡತಿದ್ದಳು.” ಸ್ವಲ್ಪ ಹೊತ್ತಿನ ಮೇಲೆ, “ಮುಂಜಾನಿ ಸೈಕಲ್ ಮ್ಯಾಲ ಬಿಟ್ಟಿದ್ರೂ ಇಷ್ಟೊತ್ತಿಗಿ ಮುಟ್ಟತಿದ್ದೆ,” ಅಂದರು.

ಈ ವಯಸ್ಸಿನಲ್ಲಿ, ಈ ಮೊಣಕಾಲಿನಲ್ಲಿ, ಈ ಬಿಸಿಲಲ್ಲಿ ಆಗುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಸೈಕಲ್ಲೇ ಈಗ ಮನೆಯಲ್ಲಿಲ್ಲ. ನಾನು ಆಕ್ಸಿಲರೇಟರ್ ತಿರುವಿದೆ.

ಊರ ಅಗಸಿಯಲ್ಲಿ ಯಾರೂ ಇರಲಿಲ್ಲ. ಅಲ್ಲೇ ಗೊತ್ತಾಯಿತು. ಹೊಲದ ಕಡೆಯಿಂದ ಜನ ಒದ್ದೆ ಕಾಲಿನಲ್ಲಿ ಹಿಂದಿರುಗಿ ಬರುತ್ತಿದ್ದರು. ಬೈಕು ನೋಡಿ ಬದಿಗೆ ಸರಿದರು, ಒಬ್ಬರೂ ನಮ್ಮ ಮುಖ ನೋಡಲಿಲ್ಲ. ಬದುವಿನ ಮೇಲೆ ಅತ್ತೆಯ ಗಂಡ ಕೂತಿದ್ದರು. ಹೆಂಡತಿಗಿಂತ ಮೊದಲು ನಾನೇ ಹೋಗುವವನು ಎಂದು ವರ್ಷಗಳಿಂದ ಹೇಳುತ್ತಿದ್ದ ಮುದುಕ. ಹೊಸ ಮಣ್ಣಿನ ದಿಬ್ಬ ಇನ್ನೂ ಹಸಿಯಾಗಿತ್ತು. ಮೇಲೆ ಬಿಲ್ವಪತ್ರೆ.

ಅಪ್ಪ ಇಳಿದು ಹತ್ತಿರ ಹೋಗಿ ಒಂದೇ ಮಾತು ಕೇಳಿದರು.

“ತವರ ಸೀರಿ ಬಿದ್ದದ?”

ಅತ್ತೆಯ ಗಂಡ ಒಬ್ಬ ಹೆಂಗಸಿನ ಕಡೆ ಕೈ ತೋರಿಸಿದರು. ನಡುವಯಸ್ಸಿನವಳು, ಕೈಯೆಲ್ಲ ಅರಿಶಿನ.

“ಬಿದ್ದದ್ರಿ ಅಣ್ಣಾ. ನಾ ಉಡಿಸೀನಿ. ನಂದು ಬಗದಲ್. ಬಗದಲ್ ಅಂದ್ರ ನಿಮ್ಮ ಮನ್ನಳ್ಳಿ ಕಡೀದೇ ಅಲ್ಲೇನ್ರಿ? ಆಕಿ ಯಾವಾಗ್ಲೂ ನನಗ ತವರಾಕಿ ಅಂತಿದ್ದಳು. ನಮ್ಮಣ್ಣ ಪಂಚಮಿಗಿ ಕೊಟ್ಟಿದ್ದು ಹೊಸಾದೊಂದು ಇತ್ತು, ಇನ್ನೂ ಮಡಿಕಿ ಮುರದಿದ್ದಿಲ್ಲ. ಅದೇ ಹಾಕಿನಿ. ಉಡಿನೂ ತುಂಬಿನಿ. ತಪ್ಪಾಗಿದ್ರ...”

ಅಪ್ಪ ಕೈಮುಗಿದರು. ಬಹಳ ಹೊತ್ತು ಮುಗಿದೇ ನಿಂತರು. ಆಮೇಲೆ ಚೀಲದಿಂದ ಸೀರೆ ತೆಗೆದು ಅವಳ ಕಡೆ ಚಾಚಿದರು.

“ಹಂಗಾದ್ರ ಇದು ನಿನಗ, ತಂಗೀ.”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಬ್ಯಾಡ್ರಿ ಅಣ್ಣಾ. ಹೋದೋರ ಹೆಸರೀಲೆ ತಂದದ್ದು ನಾ ಹ್ಯಾಂಗ ಉಡ್ಲಿ? ಮನ್ಯಾಗ ಗಂಡ ಮಕ್ಕಳು ಇದ್ದಾರ.”

“ವಾಪಸ್ಸೂ ಒಯ್ಯಬಾರದು,” ಅಂದರು ಯಾರೋ ಹಿಂದಿನಿಂದ. “ಮನಿಗಿ ಛಲೋ ಅಲ್ಲ.”

ಎಲ್ಲರೂ ನನ್ನಪ್ಪನ ಕೈಯಲ್ಲಿದ್ದ ಹಸಿರು ಸೀರೆಯನ್ನು ನೋಡುತ್ತಿದ್ದರು. ಅದನ್ನು ಉಡುವವರಿಲ್ಲ, ಒಯ್ಯುವಂತಿಲ್ಲ. ನನ್ನ ಕೊರಳಲ್ಲಿ ಉಡಿಯ ಗಂಟು ಹಾಗೇ ಇತ್ತು. ಅಪ್ಪ ನನ್ನ ಕಡೆ ತಿರುಗಿದರು. ನೀನಾದರೂ ಏನಾದರೂ ಹೇಳು ಎಂಬಂತೆ. ಬೆಳಿಗ್ಗೆಯಿಂದ ಅವರು ನನ್ನ ಮಾತನ್ನು ಕೇಳಬೇಕೆಂದು ಹಾತೊರೆದಿದ್ದೆ. ಈಗ ನನ್ನಲ್ಲಿ ಏನೂ ಇರಲಿಲ್ಲ.

ಕೊನೆಗೆ ಅವರೇ ಸೀರೆಯ ಮಡಿಕೆ ಬಿಚ್ಚಿದರು. ನಾನು ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ದಿಬ್ಬದ ಮೇಲೆ ಹಾಸಿದೆವು. ಜಾರುವ ಬಟ್ಟೆ, ನಿಲ್ಲಲಿಲ್ಲ. ಅಂಚಿಗೆ ಮಣ್ಣಿನ ಹೆಂಟೆಗಳನ್ನು ಇಟ್ಟೆವು. ಬಗದಲಿನ ಹೆಂಗಸು ನನ್ನ ಕೊರಳಿನ ಗಂಟು ಬಿಚ್ಚಿ, ಬಳೆ, ಕೊಬ್ಬರಿ ಎಲ್ಲ ಸೀರೆಯ ಮೇಲೆ ಇಟ್ಟಳು. ಅಪ್ಪ ಒಂದು ಹಿಡಿ ಮಣ್ಣು ತೆಗೆದು ಹಾಕಿದರು. ಅದು ಪಾಲಿಸ್ಟರಿನ ಮೇಲೆ ಸರ್ರನೆ ಜಾರಿ ಕೆಳಗೆ ಬಿತ್ತು. ಮತ್ತೆ ಹಾಕಿದರು. ಆ ಬಟ್ಟೆಯೂ ಇದೇ ಎಣ್ಣೆಯಿಂದ ಆದದ್ದು, ಎಷ್ಟು ಕಾಲ ಮಣ್ಣಾಗದೆ ಉಳಿಯುತ್ತದೆ ಎಂದು ನಾನು ಕಾಲೇಜಿನ ವೇದಿಕೆಯ ಮೇಲೆ ಕೈ ಎತ್ತಿ ಹೇಳಿದ್ದುಂಟು.

ಜನ ಚದುರಿದರು. ನಾನು ಬೈಕಿನ ಹತ್ತಿರ ಹೋಗಿ ಅದನ್ನು ಮೆಲ್ಲಗೆ ಅಲ್ಲಾಡಿಸಿದೆ. ಟ್ಯಾಂಕಿನ ತಳದಲ್ಲಿ ಸ್ವಲ್ಪ ಸದ್ದಾಯಿತು. ಆಗ ಫೋನ್ ಬಂತು. ಕಾಕಾ. ಸುತ್ತ ಗದ್ದಲ, ಹಾರ್ನು, ಅದರ ಮೇಲೆ ಅವನ ಕೂಗು.

“ಟ್ಯಾಂಕರ್ ಬಂತು! ಹಾಕಸಕೊಂಡೀವಿ! ಪೂರಾ ಗಾಡಿ ಹೊಂಟದ. ನಿಮ್ಮ ಕಾಕಿ, ಅವ್ವ ಎಲ್ಲಾರೂ ಇದ್ದಾರ. ಜರಾ ತಡೀರಿ ಅಂತ ಹೇಳಾ ಅವರಿಗಿ, ಜೋರ್ ಬರ್ಲಾತೀವಿ! ಅಕ್ಕ ಕುಂತಾಳಿಲ್ಲ ಇನ್ನಾ?”

ಅಪ್ಪ ದಿಬ್ಬದ ಪಕ್ಕ ಕೂತು, ಗಾಳಿಗೆ ಏಳುತ್ತಿದ್ದ ಸೆರಗನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು.

“ಹಗೂರ ಬರ್ರಿ ಕಾಕಾ,” ಅಂದೆ. “ಏನೂ ಅವಸರ ಇಲ್ಲ.”